ಒತ್ತುವುದಕ್ಕೂ ಎಳೆಯುವುದಕ್ಕೂ ನಡುವಣ ನಾಲ್ಕು ಚುಕ್ಕಿ

ಗಣಕಯಂತ್ರದ ಮುಂದೆ ಕುಳಿತವನು ಮೌಸಿನ ಎಡಗುಂಡಿಯನ್ನು ಒತ್ತಿದಾಗ ಅವನ ಉದ್ದೇಶವು ಎರಡರಲ್ಲಿ ಒಂದಾಗಿರಬಹುದು. ಎದುರಿಗಿರುವ ಚಿತ್ರಿಕೆಯನ್ನು ಆರಿಸಿಕೊಳ್ಳುವುದು ಅಥವಾ ತೆರೆಯುವುದು ಒಂದು. ಅದನ್ನು ಹಿಡಿದು ಎಳೆದು ಬೇರೊಂದು ಸ್ಥಳದಲ್ಲಿ ಬಿಡುವುದು ಇನ್ನೊಂದು. ಉದ್ದೇಶಗಳು ಬೇರೆಯಾದರೂ ಎರಡು ಕ್ರಿಯೆಗಳ ಆರಂಭವೂ ಒಂದೇ. ಎರಡೂ ಬೆರಳಿನ ಒತ್ತಡದಿಂದಲೇ ಮೊದಲಾಗುತ್ತವೆ. ಯಂತ್ರಕ್ಕಾದರೋ ಮನಸ್ಸನ್ನು ಓದುವ ಶಕ್ತಿಯಿಲ್ಲ. ಹೀಗಿರಲು, ಒತ್ತಿದವನು ಒತ್ತಿ ಬಿಡುವನೋ ಒತ್ತಿ ಎಳೆಯುವನೋ ಎಂಬುದನ್ನು ಅದು ತಿಳಿಯುವುದು ಹೇಗೆ?

ಅದು ದೂರವನ್ನು ಅಳೆದು ತಿಳಿಯುತ್ತದೆ. ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಬಾಣದ ಗುರುತು ಪರದೆಯ ಮೇಲೆ ಎಲ್ಲಿತ್ತೆಂಬುದನ್ನು ಯಂತ್ರವು ಬರೆದಿಟ್ಟುಕೊಳ್ಳುತ್ತದೆ. ಆ ಬಿಂದುವಿನ ಸುತ್ತಲೂ, ಕಣ್ಣಿಗೆ ಕಾಣದ ಒಂದು ಚಿಕ್ಕ ಚೌಕವನ್ನು ಅದು ಕಲ್ಪಿಸಿಕೊಳ್ಳುತ್ತದೆ. ಗುಂಡಿಯನ್ನು ಬಿಡುವವರೆಗೂ ಬಾಣವು ಆ ಚೌಕದೊಳಗೇ ಇದ್ದರೆ ಅದು ಬರಿಯ ಒತ್ತುವಿಕೆ. ಗುಂಡಿ ಒತ್ತಿರುವಾಗಲೇ ಬಾಣವು ಚೌಕವನ್ನು ದಾಟಿ ಹೊರಬಂದರೆ ಆ ಕ್ಷಣದಿಂದ ಅದು ಎಳೆತ. ಕಬಡ್ಡಿಯ ತೀರ್ಪುಗಾರನು ದಾಳಿಗೆ ಹೊರಟ ಆಟಗಾರನ ಮನಸ್ಸಿನಲ್ಲಿ ಏನಿತ್ತೆಂದು ವಿಚಾರಿಸುವುದಿಲ್ಲವಷ್ಟೆ. ಎದುರಾಳಿಗಳ ಅಂಗಣದಲ್ಲಿ ಎಳೆದಿರುವ ಗೆರೆಯನ್ನು ಅವನ ಪಾದವು ದಾಟಿತೇ ಇಲ್ಲವೇ ಎಂಬುದನ್ನು ಮಾತ್ರ ನೋಡುತ್ತಾನೆ. ಯಂತ್ರದ ತೀರ್ಪೂ ಅದೇ ಬಗೆಯದು. ಈ ಗೆರೆಯನ್ನು ನಾವು ಎಳೆತದ ಎಲ್ಲೆ ಎಂದು ಕರೆಯೋಣ.

ಎಲ್ಲೆಯು ಎಷ್ಟು ದೂರದಲ್ಲಿದೆ? ವಿಂಡೋಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ, ನಾವು ಏನನ್ನೂ ಬದಲಾಯಿಸದಿದ್ದರೆ, ಅಡ್ಡಕ್ಕೆ ೪ ಚುಕ್ಕಿ, ಉದ್ದಕ್ಕೆ ೪ ಚುಕ್ಕಿ. ಪರದೆಯ ಮೇಲಿನ ಚಿತ್ರವೆಲ್ಲವೂ ಯಾವ ಬೆಳಕಿನ ಕಣಗಳಿಂದ ಕೂಡಿದೆಯೋ ಆ ಪಿಕ್ಸೆಲ್‌ಗಳನ್ನೇ ಇಲ್ಲಿ ಚುಕ್ಕಿಯೆಂದು ಹೇಳಿದೆ. ಹಳೆಯ ಪರದೆಗಳಲ್ಲಿ ಅಂಗುಲವೊಂದಕ್ಕೆ ೯೬ ಚುಕ್ಕಿಗಳೆಂದು ಲೆಕ್ಕ ಹಿಡಿಯುತ್ತಿದ್ದರು. ಆ ಲೆಕ್ಕದಂತೆ ನಾಲ್ಕು ಚುಕ್ಕಿಗಳ ದೂರವು ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಈಗ ಸಾಮಾನ್ಯವಾಗಿರುವ, ಮೂಲೆಯಿಂದ ಮೂಲೆಗೆ ೧೫.೬ ಅಂಗುಲದ, ಅಡ್ಡಕ್ಕೆ ೧೯೨೦ ಮತ್ತು ಉದ್ದಕ್ಕೆ ೧೦೮೦ ಚುಕ್ಕಿಗಳುಳ್ಳ ಮಡಿಲ ಗಣಕದಲ್ಲಿ ಅಂಗುಲಕ್ಕೆ ಸುಮಾರು ೧೪೧ ಚುಕ್ಕಿಗಳಾಗುತ್ತವೆ. ಅಲ್ಲಿ ನಾಲ್ಕು ಚುಕ್ಕಿಗಳೆಂದರೆ ಮಿಲಿಮೀಟರಿನ ಮುಕ್ಕಾಲು ಪಾಲೂ ಇಲ್ಲ. ಪರದೆಗಳು ಸೂಕ್ಷ್ಮವಾದಂತೆಲ್ಲ ಚುಕ್ಕಿ ಕಿರಿದಾಯಿತು; ಚುಕ್ಕಿ ಕಿರಿದಾದಂತೆ, ಸಂಖ್ಯೆಯು ಬದಲಾಗದಿದ್ದರೂ ಎಲ್ಲೆಯು ಹತ್ತಿರಕ್ಕೆ ಬಂದಿತು.

ಇದು ಪರದೆಯ ಮೇಲಿನ ದೂರವಾಯಿತು. ಕೈಯ ಚಲನೆಯಾದರೋ ಇನ್ನೂ ಅಲ್ಪ. ಮೌಸನ್ನು ಒಂದು ಅಂಗುಲ ಸರಿಸಿದರೆ ೮೦೦ ಎಣಿಕೆಗಳನ್ನು ಕಳಿಸುವಂಥದು ಒಂದಿದೆಯೆಂದು ಭಾವಿಸೋಣ. ಒಂದು ಎಣಿಕೆಗೆ ಬಾಣವು ಒಂದು ಚುಕ್ಕಿ ಚಲಿಸುವ ಹಾಗೆ ಇಟ್ಟಿದ್ದರೆ, ನಾಲ್ಕು ಚುಕ್ಕಿ ಚಲಿಸಲು ಕೈ ಸರಿಯಬೇಕಾದುದು ಒಂದು ಅಂಗುಲದ ಇನ್ನೂರನೆಯ ಒಂದು ಪಾಲು. ಎಂದರೆ ಮಿಲಿಮೀಟರಿನ ಎಂಟನೆಯ ಒಂದು ಭಾಗ. ನಿಮ್ಮ ನೋಟುಪುಸ್ತಕದ ಹಾಳೆಯ ದಪ್ಪಕ್ಕಿಂತ ಅದು ಬಹಳ ಹೆಚ್ಚಿನದಲ್ಲ. ಒಂದು ಹಾಳೆಯ ದಪ್ಪದಷ್ಟು ಕೈ ಅಲುಗಿದರೆ ಸಾಕು, ತೆರೆಯಬೇಕೆಂದಿದ್ದವನ ಕೆಲಸವು ಎಳೆಯುವವನ ಕೆಲಸವಾಗಿ ಮಾರ್ಪಡುತ್ತದೆ.

ಇದರಿಂದ ಆಗುವ ತೊಂದರೆ ಏನೆಂದು ಕೇಳಬಹುದು. ಮನೆಯಲ್ಲಿ ಅಜ್ಜನವರು ಮೊಮ್ಮಕ್ಕಳ ಭಾವಚಿತ್ರಗಳನ್ನು ವರ್ಷವಾರಾಗಿ ಕೋಶಗಳಲ್ಲಿ ಜೋಡಿಸಿಟ್ಟಿದ್ದಾರೆ ಎನ್ನಿ. ಪರದೆಯ ಎಡಭಾಗದ ಪಟ್ಟಿಯಲ್ಲಿ ಕೋಶಗಳ ಹೆಸರುಗಳು ಒಂದರ ಕೆಳಗೊಂದು ಒತ್ತಾಗಿ ನಿಂತಿವೆ. ಒಂದು ಹೆಸರನ್ನು ಒತ್ತುವಾಗ ಕೈ ಕೊಂಚ ಜಾರಿತು, ಎಲ್ಲೆ ದಾಟಿತು, ಗುಂಡಿಯನ್ನು ಬಿಡುವಷ್ಟರಲ್ಲಿ ಬಾಣವು ಕೆಳಗಿನ ಹೆಸರಿನ ಮೇಲಿತ್ತು. ಇಡೀ ವರ್ಷದ ಚಿತ್ರಗಳ ಕೋಶವು ಸದ್ದಿಲ್ಲದೆ ಪಕ್ಕದ ಕೋಶದ ಹೊಟ್ಟೆಯೊಳಗೆ ಸೇರಿಕೊಂಡಿತು. ಏನಾಯಿತೆಂಬುದು ಅವರಿಗೆ ತಿಳಿಯದು. ಇದ್ದುದು ಇಲ್ಲವಾಯಿತು ಎಂಬುದಷ್ಟೇ ತಿಳಿಯುವುದು. ಇಂತಹ ಪ್ರಸಂಗವು ಎರಡು ಮೂರು ಸಲ ನಡೆದರೆ, ವಯಸ್ಸಾದವರು ‘ಇದು ನಮ್ಮಂಥವರಿಗೆ ಹೇಳಿದ್ದಲ್ಲ’ ಎಂದು ಯಂತ್ರವನ್ನು ಮುಚ್ಚಿಟ್ಟುಬಿಡುವುದುಂಟು. ಕರ್ನಾಟಕದಿಂದ ಮಕ್ಕಳ ಮನೆಗೆಂದು ದೆಹಲಿಗೆ ಬಂದು, ನೆರೆಹೊರೆಯ ಭಾಷೆ ಬಾರದೆ, ಊರಿನವರ ಸಂಪರ್ಕಕ್ಕೆ ಈ ಯಂತ್ರವನ್ನೇ ನೆಚ್ಚಿಕೊಂಡಿರುವ ಹಿರಿಯರ ಪಾಲಿಗೆ ಇದು ಅಲ್ಪ ನಷ್ಟವಲ್ಲ.

ಕಳೆದುಹೋಯಿತೆಂದು ತೋರುವ ಕೋಶವು ಬಹುಮಟ್ಟಿಗೆ ಕಳೆದುಹೋಗಿರುವುದಿಲ್ಲ. ಒಂದೇ ಡ್ರೈವಿನೊಳಗೆ ಎಳೆದು ಬಿಟ್ಟರೆ ವಸ್ತುವು ಸ್ಥಳ ಬದಲಾಯಿಸುತ್ತದೆ; ಬೇರೆ ಡ್ರೈವಿಗೆ, ಉದಾಹರಣೆಗೆ ಪೆನ್‌ಡ್ರೈವಿಗೆ, ಎಳೆದು ಬಿಟ್ಟರೆ ಮೂಲವು ಇದ್ದಲ್ಲಿಯೇ ಇದ್ದು ಅದರ ಪ್ರತಿಯೊಂದು ಅಲ್ಲಿ ಹುಟ್ಟುತ್ತದೆ. ಈ ವ್ಯತ್ಯಾಸವನ್ನು ಅರಿಯದವರು ಬಹಳ ಮಂದಿ. ತಪ್ಪು ನಡೆದ ಕೂಡಲೇ ಕಂಟ್ರೋಲ್ ಕೀಲಿಯನ್ನು ಹಿಡಿದು ಝೆಡ್ ಅಕ್ಷರವನ್ನು ಒತ್ತಿದರೆ ಸಾಗಿದ ಕೋಶವು ತನ್ನ ಸ್ವಸ್ಥಾನಕ್ಕೆ ಮರಳುತ್ತದೆ. ಎಳೆತವು ಆರಂಭವಾಯಿತೆಂದು ಗುಂಡಿಯನ್ನು ಬಿಡುವ ಮುನ್ನವೇ ಗೊತ್ತಾದರೆ, ಎಡಮೂಲೆಯ ಎಸ್ಕೇಪ್ ಕೀಲಿಯನ್ನು ಒತ್ತಿದರಾಯಿತು, ಎಳೆತವೇ ರದ್ದಾಗುತ್ತದೆ. ಇವೆಲ್ಲ ಬಿದ್ದ ಮೇಲೆ ಏಳುವ ಉಪಾಯಗಳು. ಬೀಳದಂತೆ ಮಾಡುವುದಕ್ಕೆ ಎಲ್ಲೆಯನ್ನೇ ದೂರ ಸರಿಸಬೇಕು.

ಅದಕ್ಕೆ ಮೊದಲು ಈ ಎಲ್ಲೆಯ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು ಮೌಸನ್ನು ಕಲ್ಪಿಸಿದರು. ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ೧೯೬೪ರಲ್ಲಿ ಅದನ್ನು ಮರದ ಪೆಟ್ಟಿಗೆಯ ರೂಪದಲ್ಲಿ ನಿರ್ಮಿಸಿದರು. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಪ್ರಾತ್ಯಕ್ಷಿಕೆ ನಡೆಯಿತು. ಚಿತ್ರಿಕೆಯನ್ನು ಹಿಡಿದೆಳೆದು ಬಿಡುವ ಕ್ರಮವು ಜನಸಾಮಾನ್ಯರ ಕೈಗೆ ಬಂದುದು ಮುಖ್ಯವಾಗಿ ಆ್ಯಪಲ್ ಸಂಸ್ಥೆಯ ೧೯೮೩ರ ಲೀಸಾ, ೧೯೮೪ರ ಮ್ಯಾಕಿಂಟಾಷ್ ಯಂತ್ರಗಳಿಂದ. ಆ ಮ್ಯಾಕಿಂಟಾಷ್ ಮೌಸಿಗೆ ಇದ್ದುದು ಒಂದೇ ಗುಂಡಿ. ಒಂದೇ ಗುಂಡಿಯಿಂದ ಆರಿಸುವುದನ್ನೂ ತೆರೆಯುವುದನ್ನೂ ಎಳೆಯುವುದನ್ನೂ ಮಾಡಬೇಕಾದಾಗ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಕಾಲದ ಮತ್ತು ದೂರದ ಅಳತೆಗಳು ಅನಿವಾರ್ಯವಾದವು.

ನಮ್ಮ ನಗರದ ಒಂದು ಪ್ರಸಂಗವು ಇಲ್ಲಿ ವಿಚಾರಾರ್ಹವಾಗಿದೆ. ೧೯೯೯ರ ಜನವರಿ ೨೬ರಂದು ದಕ್ಷಿಣ ದೆಹಲಿಯ ಕಾಲ್ಕಾಜಿಯಲ್ಲಿ, ಎನ್.ಐ.ಐ.ಟಿ. ಸಂಸ್ಥೆಯ ಕಚೇರಿಗೂ ಪಕ್ಕದ ಗುಡಿಸಲು ಕೇರಿಗೂ ನಡುವಿದ್ದ ಗೋಡೆಯಲ್ಲಿ ಒಂದು ಕಿಂಡಿ ಮಾಡಿ, ವಿಜ್ಞಾನಿ ಸುಗತ ಮಿತ್ರಾ ಅವರು ಅದರಲ್ಲಿ ಒಂದು ಗಣಕಯಂತ್ರವನ್ನಿರಿಸಿದರು. ಅಂತರಜಾಲದ ಸಂಪರ್ಕವೂ ಇದ್ದಿತು. ಉಪಾಧ್ಯಾಯರಿರಲಿಲ್ಲ, ಸೂಚನೆಗಳಿರಲಿಲ್ಲ. ಮೌಸಿನ ಬದಲು, ಬೆರಳಾಡಿಸಿದರೆ ಬಾಣ ಚಲಿಸುವ ಸ್ಪರ್ಶಫಲಕವಿತ್ತು. ಅಂತಹ ಯಂತ್ರವನ್ನು ಹಿಂದೆಂದೂ ಕೈಯಲ್ಲಿ ಮುಟ್ಟಿರದ, ಇಂಗ್ಲಿಷನ್ನು ಬಹುತೇಕ ಅರಿಯದ ಕೇರಿಯ ಮಕ್ಕಳು ಅದರ ಮುಂದೆ ಗುಂಪುಗೂಡಿ, ಒಬ್ಬರನ್ನೊಬ್ಬರು ನೋಡಿ ಕಲಿತು, ಸ್ವಲ್ಪ ಕಾಲದಲ್ಲಿಯೇ ಜಾಲದಲ್ಲಿ ಸಂಚರಿಸತೊಡಗಿದರು. ಪೇಂಟ್ ಎಂಬ ಕಾರ್ಯಕ್ರಮದಲ್ಲಿ ಚಿತ್ರ ಬರೆಯತೊಡಗಿದರು. ಹೆಸರುಗಳನ್ನೂ ತಾವೇ ಇಟ್ಟುಕೊಂಡರು. ಬಾಣದ ಗುರುತು ಅವರಿಗೆ ಸೂಜಿ ಎಂಬರ್ಥದ ‘ಸುಯಿ’. ಕಾಯಬೇಕೆಂದು ತಿಳಿಸುವ ಮರಳು ಗಡಿಯಾರದ ಚಿತ್ರವು ಶಿವನ ‘ಡಮರು’. ಪಠ್ಯಪುಸ್ತಕಗಳ ಪಾರಿಭಾಷಿಕ ಪದಗಳಿಗಿಂತ ಈ ಹೆಸರುಗಳಲ್ಲಿ ಕಣ್ಣು ಹೆಚ್ಚು ಚುರುಕಾಗಿದೆ ಎಂದು ನನಗೆ ತೋರುತ್ತದೆ.

ಚಿತ್ರ ಬರೆಯುವುದೆಂದರೇನು? ಗುಂಡಿಯನ್ನು ಒತ್ತಿಹಿಡಿದು ಎಳೆಯುವುದು. ಆದರೆ ಪೇಂಟ್‌ನಲ್ಲಿ ಗೆರೆಯೆಳೆಯುವಾಗ ಮೇಲೆ ಹೇಳಿದ ಎಲ್ಲೆಯ ಕಾಟವಿಲ್ಲ. ಅಲ್ಲಿ ಕೈಯ ಪ್ರತಿಯೊಂದು ಚಲನೆಯೂ ಬೇಕಾದ ಚಲನೆಯೇ ಆದುದರಿಂದ ಬೆರಳು ಅಲುಗಿದ ಕೂಡಲೇ ಗೆರೆ ಮೂಡುತ್ತದೆ. ತಪ್ಪಿದರೆ ಗೆರೆ ವಕ್ರವಾಗುತ್ತದೆಯೇ ಹೊರತು ಯಾರ ಕಡತವೂ ಎಲ್ಲಿಯೂ ಹೋಗುವುದಿಲ್ಲ. ಮಕ್ಕಳು ನಿರ್ಭಯವಾಗಿ ಕಲಿಯುವುದಕ್ಕೆ ಅಂತಹ ಸ್ಥಳವೇ ತಕ್ಕುದು. ಕಡತಗಳ ಪಟ್ಟಿಯಲ್ಲಿ ಹಾಗಲ್ಲ. ಅಲ್ಲಿ ಒಂದು ಜಾರುವಿಕೆಗೆ ಬೆಲೆಯುಂಟು.

ಕಾಲ್ಕಾಜಿಯ ಪ್ರಯೋಗದಿಂದ ಅನೇಕರು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಯಂತ್ರವು ಹೇಗಿದ್ದರೂ ಸರಿಯೆ, ಕೈ ತಾನಾಗಿ ಪಳಗುತ್ತದೆ ಎಂದು. ಎಳೆಯ ಕೈಗಳ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಎಲ್ಲ ಕೈಗಳಿಗೂ ಇದನ್ನು ಅನ್ವಯಿಸುವುದು ಸರಿಯಲ್ಲ. ಪಾರ್ಕಿನ್‌ಸನ್ ವ್ಯಾಧಿಯಿಂದ ನಡುಗುವ ಕೈಗೆ ಅಭ್ಯಾಸದಿಂದ ಸ್ಥಿರತೆ ಬರುವುದಿಲ್ಲ. ಅಲ್ಲದೆ ನಡುಕವು ರೋಗಿಗಳಿಗೆ ಮಾತ್ರ ಮೀಸಲಾದುದೂ ಅಲ್ಲ. ಆರೋಗ್ಯವಂತನ ಕೈಯೂ ಸೆಕೆಂಡಿಗೆ ಸುಮಾರು ೮ರಿಂದ ೧೨ ಬಾರಿ ಅತಿ ಸೂಕ್ಷ್ಮವಾಗಿ ಕಂಪಿಸುತ್ತಿರುತ್ತದೆ. ಪಾರ್ಕಿನ್‌ಸನ್ ರೋಗಿಯ ಕೈ ವಿಶ್ರಾಂತಿಯಲ್ಲಿರುವಾಗ ಸೆಕೆಂಡಿಗೆ ಸುಮಾರು ೪ರಿಂದ ೬ ಬಾರಿ, ಕಣ್ಣಿಗೆ ಕಾಣುವಂತೆ, ಅಲುಗುತ್ತದೆ. ಆರೋಗ್ಯವಂತನ ಕಂಪನವು ನಾಲ್ಕು ಚುಕ್ಕಿಯ ಚೌಕದೊಳಗೆ ಅಡಗಿಹೋಗುವುದರಿಂದ ಅದರ ಇರವೇ ಅವನಿಗೆ ತಿಳಿಯುವುದಿಲ್ಲ. ಚೌಕವು ಆತನ ಕೈಗೆ ಹೊಂದಿದೆ. ಇನ್ನೊಬ್ಬನ ಕೈಗೆ ಹೊಂದಿಲ್ಲ. ವ್ಯತ್ಯಾಸವಿರುವುದು ಇಷ್ಟೇ. ದೆಹಲಿಯ ಡಿಸೆಂಬರ್ ಜನವರಿಗಳಲ್ಲಿ ಬೆಳಗಿನ ಶೀತವು ೫ ಡಿಗ್ರಿಗೂ ಕೆಳಗಿಳಿದಾಗ, ಮರಗಟ್ಟಿದ ಬೆರಳಿಗೆ ಉಣ್ಣೆಯ ಕೈಚೀಲ ತೊಟ್ಟು ಮೌಸನ್ನು ಹಿಡಿದಿರುವ ನಮ್ಮ ವಿದ್ಯಾರ್ಥಿಗಳಿಗೂ ಈ ಮಾತಿನ ಅರ್ಥವು ಚೆನ್ನಾಗಿ ತಿಳಿದೀತು.

ಈಗ ಎಲ್ಲೆಯನ್ನು ಸರಿಸುವ ಬಗೆ. ವಿಂಡೋಸಿನ ಮೌಸ್ ಸಂಬಂಧದ ಸಾಮಾನ್ಯ ಪುಟಗಳಲ್ಲಿ ಬಾಣದ ವೇಗಕ್ಕೂ, ಜೋಡಿ ಒತ್ತಿನ ವೇಗಕ್ಕೂ ಸ್ಥಾನವಿದೆ. ಎಳೆತದ ಎಲ್ಲೆಗೆ ಮಾತ್ರ ಇಲ್ಲ. ಇದು ಏತಕ್ಕೆಂದು ನನಗೆ ಅರ್ಥವಾಗದು; ಹೆಚ್ಚು ಜನಕ್ಕೆ ಉಪಕಾರವಾಗುವ ಸಂಖ್ಯೆಯನ್ನೇ ಒಳಕೋಣೆಯಲ್ಲಿ ಬಚ್ಚಿಟ್ಟಂತಾಗಿದೆ. ಆ ಒಳಕೋಣೆಗೆ ರಿಜಿಸ್ಟ್ರಿ ಎಂದು ಹೆಸರು. ಯಂತ್ರದ ಸಕಲ ಏರ್ಪಾಡುಗಳನ್ನೂ ಬರೆದಿಟ್ಟಿರುವ ದಫ್ತರವದು. ಅಲ್ಲಿ ಬೇರೆ ಯಾವುದನ್ನೂ ಮುಟ್ಟಲಾಗದು. ತಪ್ಪು ಬರಹದಿಂದ ಯಂತ್ರವೇ ಕೆಡಬಹುದು. ಆದಕಾರಣ ಚಿಕ್ಕವರು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡತಕ್ಕದ್ದು. ಶಾಲೆಯ ಯಂತ್ರವಾದರೆ ಉಪಾಧ್ಯಾಯರ ಅನುಮತಿಯಿಲ್ಲದೆ ಕೈ ಹಾಕಕೂಡದು.

ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದು ಆರ್ ಅಕ್ಷರವನ್ನು ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅದರಲ್ಲಿ ಆರ್, ಇ, ಜಿ, ಇ, ಡಿ, ಐ, ಟಿ ಎಂಬ ಏಳು ಅಕ್ಷರಗಳನ್ನು ಅಂತರವಿಲ್ಲದೆ ಬರೆದು ಎಂಟರ್ ಒತ್ತಬೇಕು. ದಫ್ತರವು ತೆರೆದ ಮೇಲೆ ಎಡಗಡೆಯಲ್ಲಿ ‘ಎಚ್‌ಕೀ ಕರೆಂಟ್ ಯೂಸರ್’ ಎಂಬ ಶಾಖೆ, ಅದರೊಳಗೆ ‘ಕಂಟ್ರೋಲ್ ಪ್ಯಾನೆಲ್’, ಅದರೊಳಗೆ ‘ಡೆಸ್ಕ್‌ಟಾಪ್’ ಎಂಬ ಕೋಶ. ಮುಂದುವರಿಯುವ ಮುನ್ನ, ಫೈಲ್ ಪಟ್ಟಿಯಲ್ಲಿರುವ ಎಕ್ಸ್‌ಪೋರ್ಟ್ ಎಂಬುದರಿಂದ ಆ ಕೋಶದ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ. ಬಲಗಡೆಯ ಪಟ್ಟಿಯಲ್ಲಿ ‘ಡ್ರ್ಯಾಗ್‌ಹೈಟ್’, ‘ಡ್ರ್ಯಾಗ್‌ವಿಡ್ತ್’ ಎಂಬ ಎರಡು ಹೆಸರುಗಳಿವೆ. ಮೊದಲನೆಯದು ಮೇಲೆ ಕೆಳಗಿನ ಅಳತೆ, ಎರಡನೆಯದು ಎಡ ಬಲಗಳ ಅಳತೆ. ಎರಡರ ಮುಂದೆಯೂ ೪ ಎಂದಿರುತ್ತದೆ. ಒಂದೊಂದನ್ನೇ ತೆರೆದು, ಬೇಕಾದ ಸಂಖ್ಯೆಯನ್ನು ಇಂಗ್ಲಿಷ್ ಅಂಕಿಗಳಲ್ಲಿ ಬರೆದು, ಒಪ್ಪಿಗೆ ಕೊಡಬೇಕು. ಬಳಿಕ ಆ ಖಾತೆಯಿಂದ ಹೊರಬಂದು ಮತ್ತೆ ಒಳಹೊಕ್ಕರೆ ಮಾತ್ರ ಬದಲಾವಣೆಯು ಜಾರಿಗೆ ಬರುತ್ತದೆ. ಈ ಹಂತವನ್ನು ಮರೆತು ‘ಏನೂ ಆಗಲಿಲ್ಲ’ ಎನ್ನುವವರುಂಟು.

ಎಷ್ಟೆಂದು ಬರೆಯಬೇಕು? ಇದಕ್ಕೆ ಸರ್ವರಿಗೂ ಸಲ್ಲುವ ಉತ್ತರವಿಲ್ಲ. ಪ್ರಯೋಗದಿಂದ ಕಂಡುಕೊಳ್ಳಬೇಕು. ಖಾಲಿಯಾದ ಎರಡು ಕೋಶಗಳನ್ನು ಅಕ್ಕಪಕ್ಕದಲ್ಲಿ ನಿರ್ಮಿಸಿ, ಯಾರಿಗಾಗಿ ಈ ಏರ್ಪಾಡೋ ಅವರಿಂದಲೇ ಒಂದು ಕೋಶವನ್ನು ಇಪ್ಪತ್ತು ಸಲ ತೆರೆಯಿಸಬೇಕು. ಎಷ್ಟು ಸಲ ಚಿತ್ರಿಕೆಯು ಸ್ಥಳ ಬಿಟ್ಟು ಕದಲಿತೆಂದು ಬರೆದುಕೊಳ್ಳಬೇಕು. ಮೊದಲು ೪ರಲ್ಲಿ, ಅನಂತರ ೧೦, ೨೦, ೩೦ ಹೀಗೆ. ಇಪ್ಪತ್ತರಲ್ಲಿ ಒಂದು ಸಲವೂ ಕದಲದಿರುವ ಅತಿ ಚಿಕ್ಕ ಸಂಖ್ಯೆಯೇ ಅವರ ಸಂಖ್ಯೆ. ಅತಿ ಚಿಕ್ಕದು ಏಕೆಂದರೆ, ದೊಡ್ಡ ಸಂಖ್ಯೆಗೂ ತನ್ನ ಬಾಧೆಯಿದೆ. ಎಲ್ಲೆಯನ್ನು ೪೦ಕ್ಕೆ ಏರಿಸಿದಿರೆನ್ನಿ. ಪಟ್ಟಿಯಲ್ಲಿ ೨೦ ಚುಕ್ಕಿ ಕೆಳಗಿರುವ ನೆರೆಯ ಕೋಶಕ್ಕೆ ನಿಜವಾಗಿಯೂ ಏನನ್ನಾದರೂ ಸಾಗಿಸಬೇಕಾದಾಗ, ಎಳೆತವು ಆರಂಭವೇ ಆಗುವುದಿಲ್ಲ. ನಲವತ್ತು ಚುಕ್ಕಿ ಹೊರಗೆ ಹೋಗಿ ಮತ್ತೆ ಹಿಂದಿರುಗಿ ಬಿಡಬೇಕಾಗುತ್ತದೆ. ಕೈ ನಡುಗುವವರಿಗೆ ಈ ಸುತ್ತುದಾರಿಯೂ ಒಂದು ಶ್ರಮವೇ.

ಅಂಕಿಯನ್ನು ಬದಲಿಸಲು ಅವಕಾಶವಿಲ್ಲದ ಯಂತ್ರದಲ್ಲಿ ಬೇರೆ ಉಪಾಯಗಳಿವೆ. ಬಾಣದ ವೇಗವನ್ನು ತಗ್ಗಿಸಿದರೆ ಕೈಯ ಅದೇ ಅಲುಗಾಟಕ್ಕೆ ಬಾಣವು ಕಡಿಮೆ ದೂರ ಹೋಗುವುದರಿಂದ, ಎಲ್ಲೆಯನ್ನು ದೂರ ಸರಿಸಿದಷ್ಟೇ ಫಲ ದೊರೆಯುತ್ತದೆ. ಎಡಗುಂಡಿಯ ಬದಲು ಬಲಗುಂಡಿಯಿಂದ ಎಳೆದರೆ, ಬಿಟ್ಟ ಸ್ಥಳದಲ್ಲಿ ಒಂದು ಪಟ್ಟಿ ತೆರೆದು, ಸಾಗಿಸಲೋ ಪ್ರತಿ ಮಾಡಲೋ ಸುಮ್ಮನಿರಲೋ ಎಂದು ಯಂತ್ರವು ಕೇಳುತ್ತದೆ. ಕೇಳದೆ ಮಾಡುವ ಸೇವಕನಿಗಿಂತ ಕೇಳಿ ಮಾಡುವವನು ಮೇಲಲ್ಲವೇ? ಎಳೆಯುವ ಗೊಡವೆಯೇ ಬೇಡವೆನ್ನುವವರು ಕಡತವನ್ನು ಆರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ ಕತ್ತರಿಸಿ, ಬೇಕಾದೆಡೆಯಲ್ಲಿ ಕಂಟ್ರೋಲ್ ಮತ್ತು ವಿ ಒತ್ತಿ ಅಂಟಿಸಬಹುದು. ಗುಂಡಿಯನ್ನು ಬಹಳ ಹೊತ್ತು ಹಿಡಿದಿರಲಾರದವರಿಗಾಗಿ ಮೌಸಿನ ಪುಟದಲ್ಲಿ ಕ್ಲಿಕ್‌ಲಾಕ್ ಎಂಬ ಸೌಲಭ್ಯವಿದೆ. ಒಮ್ಮೆ ಕೊಂಚ ಹೊತ್ತು ಒತ್ತಿ ಬಿಟ್ಟರೆ, ಮತ್ತೆ ಒತ್ತುವವರೆಗೂ ಹಿಡಿದೇ ಇದೆಯೆಂದು ಯಂತ್ರವು ಭಾವಿಸುತ್ತದೆ. ಲಿನಕ್ಸ್ ಬಳಗದ ಗ್ನೋಮ್ ವ್ಯವಸ್ಥೆಯಲ್ಲಿ ಇದೇ ಎಲ್ಲೆಯು ಮೂಲದಲ್ಲಿಯೇ ೮ ಚುಕ್ಕಿ, ಅದನ್ನೂ ಬದಲಿಸಬಹುದು. ಒಂದು ವ್ಯವಸ್ಥೆಗೆ ನಾಲ್ಕು, ಇನ್ನೊಂದಕ್ಕೆ ಎಂಟು ಎಂಬುದರಿಂದಲೇ ಈ ಸಂಖ್ಯೆಯು ಪ್ರಕೃತಿಯ ನಿಯಮವಲ್ಲ, ಯಾರೋ ಕುಳಿತು ಗೊತ್ತುಮಾಡಿದ ಸಂಖ್ಯೆ ಎಂಬುದು ಸ್ಪಷ್ಟವಾಗುತ್ತದೆ.

ಕನ್ನಡದಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ವರ್ಡ್ ಕಾರ್ಯಕ್ರಮದಲ್ಲಿ ಒಂದು ವಾಕ್ಯವನ್ನು ಆರಿಸಿದ ಮೇಲೆ ಅದರ ಮೇಲೆಯೇ ಮತ್ತೆ ಒತ್ತುವಾಗ ಕೈ ಜಾರಿದರೆ, ಆ ವಾಕ್ಯವು ಎದ್ದು ಹೋಗಿ ಮುಂದಿನ ವಾಕ್ಯದ ನಡುವೆ ಕೂರುತ್ತದೆ. ಬರೆದವನು ಅದನ್ನು ಗಮನಿಸದೆ ಒಪ್ಪಿಸಿದರೆ, ತಿದ್ದುವ ಉಪಾಧ್ಯಾಯರು ಬರೆದವನ ವ್ಯಾಕರಣವನ್ನು ಶಂಕಿಸುತ್ತಾರೆ. ಆ ಕಾರ್ಯಕ್ರಮದ ಆಪ್ಷನ್ಸ್ ಎಂಬಲ್ಲಿ ಅಡ್ವಾನ್ಸ್ಡ್ ಭಾಗದೊಳಗೆ, ಬರಹವನ್ನು ಎಳೆದು ಬಿಡಲು ಅವಕಾಶ ಕೊಡುವ ಒಂದು ಗುರುತು ಇದೆ. ಅದನ್ನು ತೆಗೆದುಹಾಕಿದರೆ ವಾಕ್ಯಗಳು ಇದ್ದಲ್ಲಿಯೇ ಇರುತ್ತವೆ.

ಎಳೆಯಲಾರದ ಕೈಗಳ ಹಕ್ಕನ್ನು ಜಗತ್ತು ಈಚೆಗೆ ಗುರುತಿಸತೊಡಗಿದೆ. ಜಾಲತಾಣಗಳ ಸುಗಮ್ಯತೆಗಾಗಿ ೨೦೨೩ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂತ್ರಗಳ ೨.೨ನೆಯ ಆವೃತ್ತಿಯಲ್ಲಿ, ಎಳೆದು ಮಾಡುವ ಕೆಲಸವನ್ನು, ಎಳೆತವು ಅನಿವಾರ್ಯವಾದ ಸಂದರ್ಭಗಳ ಹೊರತು, ಎಳೆಯದೆಯೂ ಮಾಡುವಂತಿರಬೇಕೆಂಬ ಹೊಸ ನಿಯಮವು ಸೇರಿತು. ನಮ್ಮ ದೇಶದಲ್ಲಿ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾಹಿತಿ ತಂತ್ರಜ್ಞಾನದ ಸುಗಮ್ಯತೆಯನ್ನೂ ಒಳಗೊಂಡಿದೆ. ೨೦೨೪ರ ನವೆಂಬರ್ ೮ರಂದು ಸರ್ವೋಚ್ಚ ನ್ಯಾಯಾಲಯವು, ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ತೀರ್ಪಿತ್ತಿತು. ನ್ಯಾಯಾಲಯದ ಮಾತು ಪ್ರತಿಯೊಂದು ಮನೆಯ ಮೇಜಿನವರೆಗೆ ಬರಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಎರಡು ಅಂಕಿಗಳನ್ನು ತಿದ್ದಲು ಮನೆಯ ಮಕ್ಕಳೇ ಸಾಕು.

ತಿದ್ದಿದ ಮೇಲೆ ನೆನಪಿಡಬೇಕಾದ ವಿಷಯವೊಂದುಂಟು. ಈ ಸಂಖ್ಯೆಯು ಯಂತ್ರಕ್ಕೆ ಸೇರಿದುದಲ್ಲ, ಖಾತೆಗೆ ಸೇರಿದುದು. ಒಂದೇ ಯಂತ್ರದಲ್ಲಿ ಅಜ್ಜನವರ ಖಾತೆಗೆ ೨೫, ಮೊಮ್ಮಗಳ ಖಾತೆಗೆ ೪ ಎಂದಿರಬಹುದು. ಒಬ್ಬರ ಅನುಕೂಲದಿಂದ ಇನ್ನೊಬ್ಬರಿಗೆ ಅಡ್ಡಿಯಾಗದು. ಆದರೆ ಎಲ್ಲರೂ ಒಂದೇ ಖಾತೆಯನ್ನು ಬಳಸುವ ಮನೆಯಲ್ಲಿ ಮೊದಲು ಹಿರಿಯರಿಗೊಂದು ಪ್ರತ್ಯೇಕ ಖಾತೆಯನ್ನು ತೆರೆಯಬೇಕು. ಹೊಸ ಯಂತ್ರವನ್ನು ಕೊಂಡಾಗ ಅಂಕಿಯು ಮತ್ತೆ ನಾಲ್ಕೇ ಆಗಿರುತ್ತದೆ. ಕೆಲವು ಕಾರ್ಯಕ್ರಮಗಳು ವಿಂಡೋಸಿನ ಎಲ್ಲೆಯನ್ನು ಕೇಳದೆ ತಮ್ಮದೇ ಅಳತೆಯನ್ನು ಇಟ್ಟುಕೊಂಡಿರುವುದೂ ಉಂಟು. ಅಲ್ಲಿ ಕಂಟ್ರೋಲ್ ಮತ್ತು ಝೆಡ್ ಕೀಲಿಗಳೇ ಗತಿ. ಆದುದರಿಂದ, ಇಪ್ಪತ್ತು ಸಲ ಪರೀಕ್ಷಿಸಿ ಕಂಡುಕೊಂಡ ಸಂಖ್ಯೆಯನ್ನೂ ಆ ಎರಡು ಕೀಲಿಗಳ ಹೆಸರನ್ನೂ ದಪ್ಪ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು, ಅಜ್ಜನವರಿಗೆ ಕಾಣುವಂತೆ ಪರದೆಯ ಅಂಚಿಗೆ ಅಂಟಿಸಿಡಿರಿ.